ಪರದೆಯಿಂದ ಮೇಜಿಗೆ: ಡಿಜಿಟಲ್ ಕಾರ್ಡ್ ಆಟವನ್ನು ಕೈಯಲ್ಲಿ ಹಿಡಿದು ಆಡುವಂತೆ ಮಾರ್ಪಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರಿನಲ್ಲೋ ಫೋನಿನಲ್ಲೋ ಆಡಿ ರೂಢಿಯಾದ ಕಾರ್ಡ್ ಆಟವನ್ನು ಮನೆಯವರೊಂದಿಗೆ ಮೇಜಿನ ಮೇಲೆ ಹರಡಿಕೊಂಡು ಆಡಬೇಕೆಂದು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉದಾಹರಣೆಗಳಲ್ಲಿ ಹೆಚ್ಚಿನವು, ಶತ್ರುಗಳೊಡನೆ ಕಾದಾಡಿ ಗೆದ್ದಂತೆಲ್ಲ ಹೊಸ ಎಲೆಗಳನ್ನು (ಕಾರ್ಡುಗಳನ್ನು) ಕಟ್ಟಿಗೆ ಸೇರಿಸಿಕೊಳ್ಳುತ್ತ ಪರದೆಯ ಮೇಲೆ ಒಬ್ಬರೇ ಆಡುವ ‘ಸ್ಲೇ ದ ಸ್ಪೈರ್’ ಆಟದವು. ಮೆಗಾ ಕ್ರಿಟ್ ಸಂಸ್ಥೆಯ ಈ ಆಟ 2017ರಲ್ಲಿ ಅರೆಸಿದ್ಧ ರೂಪದಲ್ಲಿ ಹೊರಬಂದು 2019ರ ಜನವರಿಯಲ್ಲಿ ಪೂರ್ಣಗೊಂಡಿತು. ಕಂಟೆನ್ಷನ್ ಗೇಮ್ಸ್ ಸಂಸ್ಥೆಯು ಇದನ್ನೇ ಮೇಜಿನ ಆಟವಾಗಿ ಮಾರ್ಪಡಿಸಿ, 2022ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಜನರಿಂದ ಮುಂಗಡ ಹಣ ಕೂಡಿಸಿ, 2024ರಲ್ಲಿ ಪೆಟ್ಟಿಗೆಯಾಗಿ ಆಟಗಾರರ ಕೈಗಿತ್ತಿತು. ಒಂದೇ ಆಟದ ಎರಡು ರೂಪಗಳೂ ಕಣ್ಣೆದುರಿಗಿರುವುದರಿಂದ, ಎಲ್ಲಿ ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯ.

ಕಾರ್ಡುಗಳನ್ನು ಮುದ್ರಿಸಿಕೊಂಡರೆ ಆಟ ಸಿದ್ಧವಾದಂತೆ ಅಲ್ಲವೇ?

ಅಲ್ಲ. ಪರದೆಯ ಮೇಲೆ ನೀವು ಸ್ಟ್ರೈಕ್ ಎಂಬ ಒಂದು ಎಲೆಯನ್ನು ಶತ್ರುವಿನ ಮೇಲೆ ಎಳೆದು ಬಿಟ್ಟಾಗ ಏನಾಗುತ್ತದೆಂದು ನಿಧಾನವಾಗಿ ಗಮನಿಸಿ. ಎಲೆಯ ಮೂಲ ಪೆಟ್ಟು 6. ನಿಮ್ಮಲ್ಲಿ 2 ಸ್ಟ್ರೆಂಗ್ತ್ (ಪ್ರತಿ ಪೆಟ್ಟನ್ನೂ ಹೆಚ್ಚಿಸುವ ಬಲ) ಇದ್ದರೆ ಅದು 8. ಶತ್ರು ವಲ್ನರಬಲ್ ಎಂಬ, ಹೆಚ್ಚು ಪೆಟ್ಟು ತಿನ್ನುವ ಸ್ಥಿತಿಯಲ್ಲಿದ್ದರೆ ಒಂದೂವರೆ ಪಟ್ಟಾಗಿ 12. ಶತ್ರುವಿನ ತಡೆ 5 ಇದ್ದರೆ ಅದನ್ನು ಕಳೆದು 7. ಅದರ ಪ್ರಾಣ 42 ಇದ್ದದ್ದು 35ಕ್ಕೆ ಇಳಿಯುತ್ತದೆ. ನಿಮ್ಮ ಬಳಿ ಪೆನ್ ನಿಬ್ ಎಂಬ ರೆಲಿಕ್ (ಜೊತೆಗಿದ್ದು ನೆರವಾಗುವ ವಸ್ತು) ಇದ್ದರಂತೂ ಇದು ಹತ್ತನೆಯ ದಾಳಿಯೇ ಎಂದು ಎಣಿಸಬೇಕು, ಹೌದಾದರೆ ಪೆಟ್ಟನ್ನು ಇಮ್ಮಡಿಗೊಳಿಸಬೇಕು. ಕಂಪ್ಯೂಟರು ಇಷ್ಟನ್ನೂ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಮನುಷ್ಯ ಮಾಡಹೊರಟರೆ ಒಂದು ಎಲೆಗೆ ಅರ್ಧ ನಿಮಿಷ ಹಿಡಿಯುತ್ತದೆ, ನಡುವೆ ಯಾರಾದರೂ ಮಾತನಾಡಿಸಿದರೆ ಲೆಕ್ಕ ತಪ್ಪುತ್ತದೆ. ನೀವು ಮುದ್ರಿಸಿಕೊಂಡದ್ದು ಎಲೆಗಳನ್ನು ಮಾತ್ರ. ಲೆಕ್ಕ ಬರೆಯುವ ಗುಮಾಸ್ತ ಪರದೆಯ ಹಿಂದೆಯೇ ಉಳಿದುಹೋಗಿದ್ದಾನೆ.

ಹಾಗಾದರೆ ಮೊದಲು ಮಾಡಬೇಕಾದ ಕೆಲಸ ಯಾವುದು?

ಆಟದಲ್ಲಿ ಆಟಗಾರನು ತೆಗೆದುಕೊಳ್ಳುವ ತೀರ್ಮಾನಗಳನ್ನೂ ಯಂತ್ರವು ಮಾಡುವ ಲೆಕ್ಕಗಳನ್ನೂ ಎರಡು ಬೇರೆ ಹಾಳೆಗಳಲ್ಲಿ ಬರೆದುಕೊಳ್ಳಬೇಕು. ಈ ಸರದಿಯಲ್ಲಿ ಹೊಡೆಯಲೋ ತಡೆಯಲೋ, ಗೆದ್ದ ಮೇಲೆ ಸಿಗುವ ಮೂರು ಎಲೆಗಳಲ್ಲಿ ಯಾವುದನ್ನು ಕಟ್ಟಿಗೆ ಸೇರಿಸಲಿ, ನಕ್ಷೆಯಲ್ಲಿ ಯಾವ ದಾರಿ ಹಿಡಿಯಲಿ, ಬೆಂಕಿಯ ಬಳಿ ವಿಶ್ರಮಿಸಲೋ ಎಲೆಯೊಂದನ್ನು ಹದಗೊಳಿಸಿ ಬಲಪಡಿಸಲೋ ಎಂಬಿವು ಮೊದಲ ಹಾಳೆಗೆ ಸೇರುತ್ತವೆ. ಶೇಕಡಾವಾರುಗಳು, ಎಣಿಕೆಗಳು, ಶತ್ರುವಿನ ನಡೆಯ ಆಯ್ಕೆ, ಅಂಗಡಿಯ ಬೆಲೆಗಳ ಏರಿಳಿತ ಇತ್ಯಾದಿ ಎರಡನೆಯದಕ್ಕೆ. ಮೊದಲ ಹಾಳೆಯಲ್ಲಿರುವುದನ್ನು ಸಾಧ್ಯವಾದಷ್ಟೂ ಮುಟ್ಟಬಾರದು. ಎರಡನೆಯದರಲ್ಲಿ ಇರುವುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊಡೆದುಹಾಕಲು ಸಿದ್ಧರಿರಬೇಕು. ಮೂಲ ಆಟದ ಅಭಿಮಾನಿಗಳು ಮಾಡುವ ದೊಡ್ಡ ತಪ್ಪೆಂದರೆ ಸಂಖ್ಯೆಗಳಿಗೆ ನಿಷ್ಠರಾಗಿ ಉಳಿದು ತೀರ್ಮಾನಗಳನ್ನು ಮೊಟಕುಗೊಳಿಸುವುದು. ನನ್ನ ಮೊದಲ ಪ್ರಯತ್ನವೂ ಅದೇ ಆಗಿತ್ತು.

ದೊಡ್ಡ ಸಂಖ್ಯೆಗಳನ್ನು ಇಳಿಸುವುದು ಹೇಗೆ?

ಆಟದಲ್ಲಿ ಅತಿ ಹೆಚ್ಚು ಬಾರಿ ಬಳಕೆಯಾಗುವ ಎಲೆಯ ಬೆಲೆಯನ್ನು 1 ಎಂದು ಇಟ್ಟುಕೊಂಡು, ಉಳಿದೆಲ್ಲವನ್ನೂ ಅದರಿಂದ ಭಾಗಿಸಿ ನೋಡುವುದು ಒಳ್ಳೆಯ ಆರಂಭ. ಐರನ್‌ಕ್ಲ್ಯಾಡ್ ಎಂಬ ಪಾತ್ರದ ಆರಂಭದ ಕಟ್ಟಿನಲ್ಲಿ ಹತ್ತು ಎಲೆಗಳಿರುತ್ತವೆ: ಐದು ಸ್ಟ್ರೈಕ್, ನಾಲ್ಕು ಡಿಫೆಂಡ್, ಒಂದು ಬ್ಯಾಶ್. ಸ್ಟ್ರೈಕ್‌ನ ಪೆಟ್ಟು 6, ಡಿಫೆಂಡ್‌ನ ತಡೆ 5, ಬ್ಯಾಶ್‌ನ ಪೆಟ್ಟು 8. ಎಲ್ಲವನ್ನೂ 6ರಿಂದ ಭಾಗಿಸಿದರೆ ಸ್ಟ್ರೈಕ್ 1 ಆಗುತ್ತದೆ. ಡಿಫೆಂಡ್ 1ಕ್ಕಿಂತ ಸ್ವಲ್ಪ ಕಡಿಮೆ ಬಂದರೂ ಅದನ್ನು 1 ಎನ್ನದೆ ಬೇರೆ ದಾರಿಯಿಲ್ಲ. ಬ್ಯಾಶ್ 1.33 ಆಗುತ್ತದೆ, ಅದನ್ನು 1ಕ್ಕೆ ಇಳಿಸಿದರೆ ಎರಡು ಎನರ್ಜಿ ಕೊಟ್ಟು ಆಡುವ ಎಲೆಗೆ ಬೆಲೆಯೇ ಉಳಿಯುವುದಿಲ್ಲವಾದ್ದರಿಂದ 2ಕ್ಕೆ ಏರಿಸಬೇಕಾಗುತ್ತದೆ. ಮುದ್ರಿತ ಆಟದಲ್ಲಿಯೂ ಸ್ಟ್ರೈಕ್ 1, ಡಿಫೆಂಡ್ 1 ಎಂದೇ ಇದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೀಗೆ ಒಂದೊಂದು ಕಡೆ ಮೇಲಕ್ಕೋ ಕೆಳಕ್ಕೋ ಸರಿಹೊಂದಿಸುವಾಗ ಆಟದ ತೂಕ ಸದ್ದಿಲ್ಲದೆ ಒಂದು ಬದಿಗೆ ವಾಲುತ್ತದೆ. ಡಿಫೆಂಡ್ 5ರಿಂದ 6ಕ್ಕೆ ಏರಿದಂತಾದದ್ದರಿಂದ ತಡೆಯುವ ಪಕ್ಷ ಬಲವಾಯಿತು, ಆದ್ದರಿಂದ ಶತ್ರುಗಳ ಪೆಟ್ಟನ್ನೂ ಎಲ್ಲೋ ಒಂದು ಕಡೆ ಏರಿಸಬೇಕಾಗುತ್ತದೆ. ಸ್ಟ್ರೆಂಗ್ತ್‌ನ ವಿಷಯ ಇನ್ನೂ ತೊಡಕಿನದು. ಮೂಲದಲ್ಲಿ 2 ಅಥವಾ 3 ಸ್ಟ್ರೆಂಗ್ತ್ ಸಿಗುವ ಕಡೆ, ಹೊಸ ಅಳತೆಯಲ್ಲಿ ಕೊಡಬಹುದಾದ ಅತಿ ಚಿಕ್ಕ ಮೊತ್ತವೇ 1, ಅಂದರೆ ಹಳೆಯ 6ಕ್ಕೆ ಸಮ. ಆದ್ದರಿಂದ ಮೊತ್ತವನ್ನು ಇಳಿಸಲಾಗದಿದ್ದಾಗ ಅದು ಸಿಗುವ ಅವಕಾಶವನ್ನೇ ಅಪರೂಪ ಮಾಡಬೇಕು. ಕಲ್ಟಿಸ್ಟ್ ಎಂಬ ಶತ್ರು ಮೂಲ ಆಟದಲ್ಲಿ ಮೊದಲ ಸರದಿಯಲ್ಲಿ ಮಂತ್ರ ಹೇಳಿ, ಎರಡನೆಯದರಿಂದ 6, 9, 12, 15, 18 ಎಂದು ಏರುತ್ತಾ ಹೊಡೆಯುತ್ತದೆ. ಆರರಿಂದ ಭಾಗಿಸಿ ಕೆಳಕ್ಕೆ ಇಳಿಸಿದರೆ 1, 1, 2, 2, 3 ಎಂದಾಗುತ್ತದೆ. ಅಂದರೆ ಪೆಟ್ಟು ಏರಿದ್ದನ್ನು ತೋರಿಸಲು ಎರಡು ಸರದಿಗೊಮ್ಮೆ ಒಂದು ಬಿಲ್ಲೆ ಇಟ್ಟರೆ ಸಾಕು. ಬೇಗ ಮುಗಿಸದಿದ್ದರೆ ಇದು ನಮ್ಮನ್ನೇ ಮುಗಿಸುತ್ತದೆ ಎಂಬ ಆ ಶತ್ರುವಿನ ಸ್ವಭಾವ ಮಾತ್ರ ಹಾಗೆಯೇ ಉಳಿಯುತ್ತದೆ.

ಶೇಕಡಾ 50 ಹೆಚ್ಚು, ಶೇಕಡಾ 25 ಕಡಿಮೆ ಎಂಬಂಥ ನಿಯಮಗಳನ್ನು ಏನು ಮಾಡುವುದು?

ಕಿತ್ತುಹಾಕುವುದು. ಒಂದರ ಒಂದೂವರೆ ಪಟ್ಟನ್ನು ಮೇಜಿನ ಮೇಲೆ ತೋರಿಸಲು ಬರುವುದಿಲ್ಲ. ಮುದ್ರಿತ ಆಟದಲ್ಲಿ ವಲ್ನರಬಲ್ ಬಿಲ್ಲೆ ಇರುವ ಶತ್ರುವಿಗೆ ಬೀಳುವ ಮುಂದಿನ ಪೆಟ್ಟು ಇಮ್ಮಡಿಯಾಗುತ್ತದೆ, ಆಮೇಲೆ ಒಂದು ಬಿಲ್ಲೆಯನ್ನು ತೆಗೆಯಲಾಗುತ್ತದೆ. ಮೂಲದಲ್ಲಿ ಇದು ಸರದಿಗಳ ಲೆಕ್ಕದಲ್ಲಿ ಇಳಿಯುತ್ತಿತ್ತು. ಇಲ್ಲಿ ಪೆಟ್ಟುಗಳ ಲೆಕ್ಕದಲ್ಲಿ ಇಳಿಯುತ್ತದೆ. ಈ ಬದಲಾವಣೆ ನೋಡಲು ಚಿಕ್ಕದಾದರೂ ಬಹಳ ಜಾಣತನದ್ದು. ಸರದಿ ಮುಗಿದಾಗ ಎಲ್ಲ ಶತ್ರುಗಳ ಮೇಲಿನ ಬಿಲ್ಲೆಗಳನ್ನೂ ನೆನಪಿಟ್ಟು ಇಳಿಸುವ ಕೆಲಸವನ್ನು ಯಾರೋ ಒಬ್ಬರು ಮರೆತೇ ಮರೆಯುತ್ತಾರೆ. ಹೊಡೆದ ಕೈಯೇ ಬಿಲ್ಲೆಯನ್ನು ಎತ್ತಿಕೊಳ್ಳುವಂತಿದ್ದರೆ ಮರೆವಿಗೆ ಆಸ್ಪದವಿರುವುದಿಲ್ಲ. ಜೊತೆಗೆ, ಇಮ್ಮಡಿಯಾಗುವ ಆ ಒಂದು ಪೆಟ್ಟನ್ನು ಯಾರು ಹೊಡೆಯಬೇಕು ಎಂಬ ಹೊಸ ಚರ್ಚೆ ಆಟಗಾರರ ನಡುವೆ ಹುಟ್ಟುತ್ತದೆ.

ಶತ್ರುವಿನ ನಡೆಯನ್ನು ಯಾರು ನಿರ್ಧರಿಸಬೇಕು?

ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸುವ ಪ್ರಶ್ನೆ ಇದು. ಜಾ ವರ್ಮ್ ಎಂಬ, ಆಟದ ಆರಂಭದಲ್ಲೇ ಎದುರಾಗುವ ಹುಳುವನ್ನು ತೆಗೆದುಕೊಳ್ಳಿ. ಮೊದಲ ಸರದಿಯಲ್ಲಿ ಅದು ತಪ್ಪದೆ ಕಚ್ಚುತ್ತದೆ. ಆಮೇಲೆ ಶೇಕಡಾ 45ರಷ್ಟು ಸಲ ಅಬ್ಬರಿಸಿ ಬಲ ಹೆಚ್ಚಿಸಿಕೊಳ್ಳುತ್ತದೆ, 30ರಷ್ಟು ಸಲ ಹೊಡೆಯುತ್ತಲೇ ತಡೆ ಕಟ್ಟಿಕೊಳ್ಳುತ್ತದೆ, 25ರಷ್ಟು ಸಲ ಮತ್ತೆ ಕಚ್ಚುತ್ತದೆ. ಅಬ್ಬರವಾಗಲಿ ಕಚ್ಚುವುದಾಗಲಿ ಸತತವಾಗಿ ಎರಡು ಸಲ ಬರುವಂತಿಲ್ಲ, ಮಧ್ಯದ ನಡೆ ಸತತವಾಗಿ ಮೂರು ಸಲ ಬರುವಂತಿಲ್ಲ. ಇದನ್ನು ಹಾಗೆಯೇ ಮೇಜಿಗೆ ತರುವ ಹಟವಿದ್ದರೆ 20 ಮುಖದ ದಾಳ ಸಾಕು: 9 ಮುಖ ಅಬ್ಬರಕ್ಕೆ, 6 ಮಧ್ಯದ ನಡೆಗೆ, 5 ಕಚ್ಚುವುದಕ್ಕೆ. ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆದರೆ ಮೇಜಿನ ಮೇಲೆ ಮೂರು ಶತ್ರುಗಳಿದ್ದರೆ ಸರದಿಗೆ ಮೂರು ಸಲ ದಾಳ ಉರುಳಿಸಿ, ಮೂರು ಕೋಷ್ಟಕ ನೋಡಿ, ಹಿಂದಿನ ಸಲ ಏನು ಬಂದಿತ್ತೆಂದು ನೆನಪಿಸಿಕೊಂಡು ಮುಂದುವರಿಯಬೇಕಾಗುತ್ತದೆ. ನಾಲ್ಕನೆಯ ಸರದಿಯ ಹೊತ್ತಿಗೆ ಯಾರಿಗೂ ಆ ಹುಳುವಿನ ಮೇಲೆ ಆಸಕ್ತಿ ಉಳಿದಿರುವುದಿಲ್ಲ.

ಮುದ್ರಿತ ಆಟದಲ್ಲಿ ಪ್ರತಿ ಸುತ್ತಿನ ಆರಂಭದಲ್ಲಿ ಇಡೀ ಮೇಜಿಗೆ ಒಂದೇ ಒಂದು ಆರು ಮುಖದ ದಾಳವನ್ನು ಉರುಳಿಸುತ್ತಾರೆ. ದಾಳವನ್ನು ಅವಲಂಬಿಸಿದ ಶತ್ರುಗಳೆಲ್ಲ ಅದೇ ಸಂಖ್ಯೆಯನ್ನು ನೋಡಿ ತಮ್ಮ ಎಲೆಯ ಮೇಲೆ ಬರೆದಿರುವ ನಡೆಯನ್ನು ಹಿಡಿಯುತ್ತವೆ. ಹಲವು ರೆಲಿಕ್‌ಗಳೂ ಅದೇ ಸಂಖ್ಯೆಗೆ ಎಚ್ಚರಗೊಳ್ಳುತ್ತವೆ. ದಾಳ ಮೊದಲೇ ಬೀಳುವುದರಿಂದ ಶತ್ರು ಏನು ಮಾಡಲಿದೆ ಎಂಬುದು ಎಲೆ ಹಾಕುವ ಮುಂಚೆಯೇ ಎಲ್ಲರಿಗೂ ಗೊತ್ತಿರುತ್ತದೆ. ಮೂಲ ಆಟದ ಜೀವಾಳವೇ ಇದಾಗಿತ್ತು: ಶತ್ರುವಿನ ತಲೆಯ ಮೇಲೆ ಅದರ ಮುಂದಿನ ನಡೆಯ ಚಿಹ್ನೆ ಕಾಣುತ್ತಿತ್ತು, ಆಟಗಾರ ಅದಕ್ಕೆ ಉತ್ತರ ಹುಡುಕುತ್ತಿದ್ದ. ಶೇಕಡಾವಾರು ಹೋಯಿತು, ಉತ್ತರ ಹುಡುಕುವ ಸುಖ ಉಳಿಯಿತು. ನಿಮ್ಮ ಮಾರ್ಪಾಟಿನಲ್ಲಿಯೂ ಈ ಕ್ರಮವನ್ನು ತಲೆಕೆಳಗು ಮಾಡಬೇಡಿ. ಎಲೆ ಹಾಕಿದ ಮೇಲೆ ದಾಳ ಉರುಳಿಸಿದರೆ ಅದು ಜೂಜಿಗೆ ಹತ್ತಿರವಾಗುತ್ತದೆ.

ದಾಳದ ಬದಲು ಕವಡೆ ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಚೌಕಾಬಾರ ಆಡಿದವರಿಗೆ ನಾಲ್ಕು ಕವಡೆಗಳಲ್ಲಿ ಎರಡು ಬಾಯಿ ಮೇಲಾಗಿ ಬೀಳುವುದು ಸಾಮಾನ್ಯ, ನಾಲ್ಕೂ ಒಂದೇ ಬದಿಗೆ ಬೀಳುವುದು ಅಪರೂಪ ಎಂಬುದು ಅನುಭವದಿಂದಲೇ ಗೊತ್ತು. ಕವಡೆಯು ನಾಣ್ಯದಂತೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, 16ರಲ್ಲಿ 6 ಸಲ ಎರಡು ಬಾಯಿ, 4 ಸಲ ಒಂದು, 4 ಸಲ ಮೂರು ಮೇಲಾಗುತ್ತವೆ. ನಾಲ್ಕೂ ಮೇಲೆ ಅಥವಾ ನಾಲ್ಕೂ ಕೆಳಗೆ ಆಗುವುದು ತಲಾ ಒಂದೊಂದು ಸಲ. ಶತ್ರುವಿನ ಸಾಮಾನ್ಯ ನಡೆ, ಅಪರೂಪದ ನಡೆಗಳನ್ನು ಹೀಗೆ ಹಂಚಿಕೊಳ್ಳಬಹುದು. ಕವಡೆ ನಿಜಕ್ಕೂ ಸಮನಾಗಿ ಬೀಳುವುದಿಲ್ಲ ಎಂಬ ಆಕ್ಷೇಪ ಸರಿಯೇ. ನೂರು ಸಲ ಹಾಕಿ ಬರೆದುಕೊಂಡರೆ ನಿಮ್ಮ ಮನೆಯ ಕವಡೆಗಳ ಸ್ವಭಾವ ತಿಳಿಯುತ್ತದೆ.

ಎಲೆಯೊಂದು ಆಟದ ನಡುವೆ ಬದಲಾಗಬೇಕಾದರೆ?

ಸ್ಲೇ ದ ಸ್ಪೈರ್‌ನಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಎಲೆಗೂ ಹದಗೊಂಡ ಎರಡನೆಯ ರೂಪವಿದೆ. ಮುದ್ರಿತ ಆಟದಲ್ಲಿ ಎಲೆಯ ಒಂದು ಮುಖದಲ್ಲಿ ಸಾಮಾನ್ಯ ರೂಪ, ಇನ್ನೊಂದು ಮುಖದಲ್ಲಿ ಹದಗೊಂಡ ರೂಪ ಅಚ್ಚಾಗಿರುತ್ತದೆ, ಹಿಂಬದಿ ಕಾಣದಂಥ ಪ್ಲಾಸ್ಟಿಕ್ ಕವಚದಲ್ಲಿ ಎಲೆಯನ್ನು ಇಟ್ಟಿರುತ್ತಾರೆ. ಹದಗೊಳಿಸಬೇಕಾದಾಗ ಕವಚದಿಂದ ತೆಗೆದು ತಿರುಗಿಸಿ ಹಾಕಿದರೆ ಮುಗಿಯಿತು. ಮನೆಯಲ್ಲಿ ಮಾಡುವವರಿಗೂ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಕಟ್ಟಿನಲ್ಲೇ ಇಲ್ಲದ ಹೊಸ ಎಲೆ ಆಟದ ನಡುವೆ ಹುಟ್ಟುವಂತಿದ್ದರೆ?

ಬ್ಲಿಝಾರ್ಡ್ ಸಂಸ್ಥೆಯು 2014ರಲ್ಲಿ ಹೊರತಂದ ಹಾರ್ತ್‌ಸ್ಟೋನ್ ಆಟದಲ್ಲಿ ಇಂಥವು ಬೇಕಾದಷ್ಟಿವೆ. 2015ರಲ್ಲಿ ಬಂದ ಡಿಸ್ಕವರ್ ಎಂಬ ನಿಯಮವು ದೊಡ್ಡ ಸಂಗ್ರಹದೊಳಗಿಂದ ಮೂರು ಎಲೆಗಳನ್ನು ಯಾದೃಚ್ಛಿಕವಾಗಿ ತೋರಿಸಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ಮೇಜಿನ ಮೇಲೆ ಆ ಇಡೀ ಸಂಗ್ರಹವನ್ನು ಇಟ್ಟುಕೊಳ್ಳುವುದು ಅಸಾಧ್ಯ. ಆದರೆ ಇಪ್ಪತ್ತು ಎಲೆಗಳ ಒಂದು ಚಿಕ್ಕ ಕಟ್ಟನ್ನು ಪಕ್ಕದಲ್ಲಿಟ್ಟು, ಮೇಲಿನ ಮೂರನ್ನು ಎತ್ತಿ, ಒಂದನ್ನು ಉಳಿಸಿಕೊಂಡು, ಎರಡನ್ನು ಅಡಿಗೆ ಸೇರಿಸಿದರೆ ಅನುಭವ ಬಹುಪಾಲು ಅದೇ. ಅಚ್ಚರಿಯ ವ್ಯಾಪ್ತಿ ಕುಗ್ಗುತ್ತದೆ ಎಂಬುದು ನಿಜ, ಅದನ್ನು ಒಪ್ಪಿಕೊಳ್ಳಬೇಕು. ಇದಕ್ಕಿಂತ ಕಷ್ಟದ್ದು, ಎದುರಾಳಿಗೆ ಕಾಣದಂತೆ ಎಲೆಯ ಬೆಲೆಯನ್ನು ಬದಲಿಸುವ ನಿಯಮಗಳು. ಕೈಯಲ್ಲಿರುವ ಎಲೆಯ ಮೇಲೆ ಬಿಲ್ಲೆ ಇಡಲಾಗುವುದಿಲ್ಲ, ಬರೆದರೆ ಎಲೆ ಹಾಳು, ಬಾಯಲ್ಲಿ ಹೇಳಿದರೆ ಗುಟ್ಟು ರಟ್ಟು. ಅಂಥ ನಿಯಮಗಳನ್ನು ನಾನು ನೇರವಾಗಿ ಕೈಬಿಡುತ್ತೇನೆ.

ಒಬ್ಬರೇ ಆಡುವ ಆಟವನ್ನು ನಾಲ್ವರಿಗೆ ಹೊಂದಿಸುವುದು ಹೇಗೆ?

ಒಬ್ಬರಾದ ಮೇಲೆ ಒಬ್ಬರಂತೆ ಸರದಿ ಕೊಟ್ಟರೆ ಉಳಿದ ಮೂವರು ಫೋನ್ ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ನಡೆದ ಮೊದಲ ಪರೀಕ್ಷೆ ಇದಕ್ಕೆ ಸಾಕ್ಷಿ: ಭಾನುವಾರ ಊಟವಾದ ಮೇಲೆ ಎಲೆ ಹಂಚಿ ಕುಳಿತವರು ಎರಡನೆಯ ಕಾಳಗ ಮುಗಿಸುವ ಹೊತ್ತಿಗೆ ಸಂಜೆಯ ಕಾಫಿ ಬಂದಿತ್ತು, ಅಕ್ಕನ ಮಗ ಅದೇ ಆಟವನ್ನು ಫೋನಿನಲ್ಲಿ ತೆರೆದು ಮೊದಲ ಅಂಕವನ್ನು ದಾಟಿ ಮುಂದೆ ಹೋಗಿದ್ದ. “ಮಾವ, ನಿಮ್ಮದಕ್ಕಿಂತ ಇದೇ ಬೇಗ ಆಗುತ್ತೆ” ಎಂದು ಅವನು ಹೇಳಿದ್ದನ್ನು ನಾನು ವಿಮರ್ಶೆಯೆಂದೇ ಸ್ವೀಕರಿಸಿದೆ.

ಮುದ್ರಿತ ಆಟವು ಒಬ್ಬರಿಂದ ನಾಲ್ವರವರೆಗೆ ಕೂಡಿ ಆಡುವ ಆಟ. ಪ್ರತಿಯೊಬ್ಬರ ಎದುರಿಗೂ ಶತ್ರುಗಳ ಒಂದು ಸಾಲು ಇರುತ್ತದೆ, ಆ ಸಾಲಿನವು ಆ ಆಟಗಾರನ ಮೇಲೆ ಎರಗುತ್ತವೆ, ಆದರೆ ಯಾರು ಬೇಕಾದರೂ ಯಾವ ಸಾಲಿನ ಶತ್ರುವಿಗೆ ಬೇಕಾದರೂ ಹೊಡೆಯಬಹುದು. ಎಲ್ಲರ ಸರದಿಯೂ ಒಟ್ಟಿಗೇ ನಡೆಯುತ್ತದೆ, ಎಲೆ ಹಾಕುವ ಕ್ರಮವನ್ನು ಆಟಗಾರರೇ ಮಾತಾಡಿಕೊಳ್ಳುತ್ತಾರೆ. ನೀನು ಮೊದಲು ಬ್ಯಾಶ್ ಹಾಕು, ಆಮೇಲೆ ನನ್ನ ದೊಡ್ಡ ಎಲೆ ಹಾಕುತ್ತೇನೆ ಎಂಬ ಮಾತು ಪರದೆಯ ಆಟದಲ್ಲಿ ಇರಲೇ ಇಲ್ಲ. ಮೇಜಿಗೆ ಬಂದ ಮೇಲೆ ಆಟ ಗಳಿಸಿಕೊಂಡದ್ದು ಅದು. ಕೂಡಿ ಆಡುವ ಆಟಗಳಲ್ಲಿ ಒಬ್ಬರೇ ಎಲ್ಲರಿಗೂ ಅಪ್ಪಣೆ ಕೊಡತೊಡಗುವ ರೋಗವೂ ಇದೆ. ಪ್ರತಿಯೊಬ್ಬರ ಕೈಯಲ್ಲೂ ಐದೈದು ಎಲೆಗಳಿದ್ದು, ಅವುಗಳನ್ನು ತಮ್ಮ ಬಳಿಯೇ ಇಟ್ಟುಕೊಂಡರೆ ಆ ರೋಗ ತಕ್ಕಮಟ್ಟಿಗೆ ಹತೋಟಿಯಲ್ಲಿರುತ್ತದೆ.

ಪದೇ ಪದೇ ಕಲಸುವುದು ಬೇಸರವಾಗುವುದಿಲ್ಲವೇ?

ಆಗುತ್ತದೆ. ಹತ್ತು ಎಲೆಯ ಕಟ್ಟಿನಿಂದ ಸರದಿಗೆ ಐದು ಎತ್ತಿದರೆ ಎರಡು ಸರದಿಗೊಮ್ಮೆ ಕಟ್ಟು ಬರಿದಾಗುತ್ತದೆ. ಆರು ಸರದಿಯ ಕಾಳಗಕ್ಕೆ ಆರಂಭದ್ದೂ ಸೇರಿ ಮೂರು ಸಲ ಕಲಸಬೇಕು. ಇಸ್ಪೀಟಿನಲ್ಲಿ ಒಂದಾಟಕ್ಕೊಮ್ಮೆ ಕಲಸಿ ರೂಢಿಯಾದವರಿಗೆ ಇದು ಹೆಚ್ಚೆನಿಸುತ್ತದೆ. ಕಟ್ಟು ಚಿಕ್ಕದಾದ್ದರಿಂದ ಕಲಸಲು ಕೆಲವೇ ಸೆಕೆಂಡು ಸಾಕು ಎಂಬುದಷ್ಟೇ ಸಮಾಧಾನ. ಕವಚ ಹಾಕದ ಎಲೆಗಳು ಮಾತ್ರ ಇದನ್ನು ತಾಳುವುದಿಲ್ಲ.

ಯಾವ ಆಟ ಮೇಜಿಗೆ ಒಗ್ಗುವುದಿಲ್ಲ?

ಗುಣಾಕಾರವೇ ಸುಖವಾಗಿರುವ ಆಟ. 2024ರಲ್ಲಿ ಬಂದ ಬಲಾಟ್ರೊ ಮೇಲ್ನೋಟಕ್ಕೆ ಬರಿಯ 52 ಎಲೆಯ ಇಸ್ಪೀಟು ಕಟ್ಟಿನ ಆಟವಾದ್ದರಿಂದ, ಇದನ್ನು ಮನೆಯಲ್ಲಿ ಆಡುವುದು ಸುಲಭವೆಂದು ತೋರುತ್ತದೆ. ಆದರೆ ಮೊದಲ ಹಂತದಲ್ಲಿ 300 ಅಂಕ ಕೇಳುವ ಆಟ ಎಂಟನೆಯ ಹಂತದ ಕೊನೆಗೆ ಸಾಮಾನ್ಯವಾಗಿ 1,00,000 ಕೇಳುತ್ತದೆ. ಜೋಕರ್‌ಗಳೆಂಬ ವಿಶೇಷ ಎಲೆಗಳು ಎಡದಿಂದ ಬಲಕ್ಕೆ ಒಂದೊಂದಾಗಿ ಅಂಕಗಳನ್ನು ಕೂಡಿಸುತ್ತ, ಗುಣಿಸುತ್ತ ಹೋಗುತ್ತವೆ. ಸಂಖ್ಯೆ ಉಬ್ಬಿ ಉಬ್ಬಿ ಪರದೆಯಿಂದ ಹೊರಚೆಲ್ಲುವಂತೆ ಕಾಣುವುದೇ ಅಲ್ಲಿನ ಮೋಜು. ಅದನ್ನು ಕ್ಯಾಲ್ಕುಲೇಟರ್ ಹಿಡಿದು ಮಾಡಿದರೆ ಅಂಗಡಿಯ ದಿನದ ಲೆಕ್ಕ ಮುಗಿಸಿದಂತಿರುತ್ತದೆ, ಸಣ್ಣ ಸಂಖ್ಯೆಗೆ ಇಳಿಸಿದರೆ ಮೋಜೇ ಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ‘ದ ವಿಚರ್ 3’ ಎಂಬ ವಿಡಿಯೊ ಆಟದೊಳಗೆ ಬರುವ ಗ್ವೆಂಟ್ ಎಂಬ ಕಾರ್ಡ್ ಆಟ. ಕೈಗೆ ಹತ್ತು ಎಲೆ, ಮೂರು ಸಾಲು, ಮೂರು ಸುತ್ತಿನಲ್ಲಿ ಎರಡು ಗೆದ್ದವರು ವಿಜಯಿ. ಲೆಕ್ಕವೆಂದರೆ ಬಹುಪಾಲು ಕೂಡುವುದು, ಅಲ್ಲೊಂದು ಇಲ್ಲೊಂದು ಇಮ್ಮಡಿ ಮಾಡುವುದು. ಯಂತ್ರದ ಗುಟ್ಟಿನ ಕೆಲಸ ಅದರಲ್ಲಿ ಏನೂ ಇಲ್ಲದ್ದರಿಂದ, 2015 ಮತ್ತು 2016ರಲ್ಲಿ ಬಂದ ‘ದ ವಿಚರ್ 3’ರ ಎರಡು ವಿಸ್ತರಣೆಗಳ ಪೆಟ್ಟಿಗೆಗಳಲ್ಲಿ ನಿಜವಾದ ಗ್ವೆಂಟ್ ಕಟ್ಟುಗಳನ್ನೇ ಇಟ್ಟು ಮಾರಿದರು. ಮೊದಲ ಸಲ ಮಾರ್ಪಾಟಿಗೆ ಕೈಹಾಕುವವರು ಇಂಥದ್ದರಿಂದ ತೊಡಗುವುದು ಒಳ್ಳೆಯದು.

ಕಾರ್ಡುಗಳನ್ನು ಎಲ್ಲಿ, ಹೇಗೆ ಮುದ್ರಿಸಿಕೊಳ್ಳಬೇಕು?

ಮೊದಲ ಹತ್ತು ಪರೀಕ್ಷೆಗಳಿಗೆ ಮುದ್ರಣವೇ ಬೇಡ. ಹಳೆಯ ಇಸ್ಪೀಟೆಲೆಯ ಮುಂದೆ ಕೈಬರಹದ ಚೀಟಿ ಇಟ್ಟು ಕವಚದಲ್ಲಿ ತೂರಿಸಿದರೆ ಸಾಕು. ನಿಯಮಗಳು ಒಂದು ನೆಲೆಗೆ ಬಂದ ಮೇಲೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರದ ಅಳತೆಯನ್ನು ಇಟ್ಟುಕೊಳ್ಳಿ, ಏಕೆಂದರೆ ಸುಲಭವಾಗಿ ಸಿಗುವ ಕವಚಗಳು ಈ ಅಳತೆಯವು. ಎ4 ಹಾಳೆಯಲ್ಲಿ ಒಂಬತ್ತು ಎಲೆ ಹಿಡಿಯುತ್ತವೆ. ಡಿಜಿಟಲ್ ಪ್ರಿಂಟ್ ಅಂಗಡಿಗಳ 12×18 ಅಂಗುಲದ ಹಾಳೆಯಲ್ಲಿ ಇಪ್ಪತ್ತು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡ್ ಸಾಕಷ್ಟು ಗಟ್ಟಿ.

ಎರಡೂ ಬದಿ ಮುದ್ರಿಸುವಾಗ ಎಚ್ಚರವಿರಲಿ. ನಾನು ಒಮ್ಮೆ ಮಾಡಿಸಿದ ಕಟ್ಟಿನಲ್ಲಿ ಹಿಂಬದಿಯ ಚಿತ್ರ ಎರಡು ಮಿಲಿಮೀಟರ್ ಸರಿದು, ಒಂದೊಂದು ಹಾಳೆಯಲ್ಲಿ ಒಂದೊಂದು ಬಗೆಯ ಬಿಳಿ ಅಂಚು ಉಳಿದಿತ್ತು. ಎರಡು ಆಟ ಮುಗಿಯುವುದರೊಳಗೆ ಅಂಚು ನೋಡಿಯೇ ಎಲೆ ಯಾವುದೆಂದು ಎಲ್ಲರೂ ಹೇಳತೊಡಗಿದರು. ಹಿಂಬದಿ ಕಾಣದ ಕವಚವಿದ್ದರೆ ಈ ತಾಪತ್ರಯವಿಲ್ಲ.

ಕಾರ್ಡಿನ ಬರಹವನ್ನು ಕನ್ನಡದಲ್ಲಿ ಮಾಡಬಹುದೇ?

ಮಾಡಬಹುದು, ಮಾಡಬೇಕು, ಆದರೆ ಸ್ಥಳದ ಲೆಕ್ಕವನ್ನು ಮೊದಲೇ ಹಾಕಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿನ ಐದು ಸಾಲು ಹಿಡಿಯುವ ಜಾಗದಲ್ಲಿ ಕನ್ನಡದ ನಾಲ್ಕು ಸಾಲು ಹಿಡಿದರೆ ಪುಣ್ಯ. ಪದಗಳನ್ನು ಇಸ್ಪೀಟಿನ ಮಾತಿನಿಂದಲೇ ತೆಗೆದುಕೊಳ್ಳಿ: ಎಲೆ ಎತ್ತು, ಎಲೆ ಹಾಕು, ಕಟ್ಟು ಕಲಸು ಎಂದರೆ ಅಜ್ಜಿಗೂ ವಿವರಣೆ ಬೇಕಾಗುವುದಿಲ್ಲ. ಪೆಟ್ಟು, ತಡೆ, ವಿಷ ಎಂಬ ಎರಡಕ್ಷರದ ಪದಗಳು ಹಾನಿಪ್ರಮಾಣ, ರಕ್ಷಣಾಕವಚ ಎಂಬಂಥವುಗಳಿಗಿಂತ ಎಷ್ಟೋ ಮೇಲು. ಒಂದು ಪದವನ್ನು ಒಂದೇ ಅರ್ಥದಲ್ಲಿ ಬಳಸಿ. ಒಂದು ಎಲೆಯಲ್ಲಿ ‘ಎಸೆ’, ಇನ್ನೊಂದರಲ್ಲಿ ‘ಬಿಡು’ ಎಂದಿದ್ದರೆ ಎರಡೂ ಬೇರೆ ಬೇರೆ ನಿಯಮವೇ ಎಂಬ ಜಗಳ ಖಂಡಿತ. ಅಂಗಡಿಗೆ ಕೊಡುವಾಗ ಅಕ್ಷರಶೈಲಿ ಒಳಗೊಂಡ ಪಿಡಿಎಫ್ ಕೊಡಿ. ಹಳೆಯ ‘ನುಡಿ’ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಕಡತವನ್ನು ಆ ಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಇದು ಕಾನೂನಿಗೆ ವಿರುದ್ಧವೇ?

ಆಟದ ಆಲೋಚನೆಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಇದೆ, 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಟಕ ಮತ್ತು ಸಿನಿಮಾದ ಸಂದರ್ಭದಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿತು. ಕಾರ್ಡಿನ ಚಿತ್ರ, ಅದರ ಮೇಲಿನ ಬರಹ ರೂಪಕ್ಕೆ ಸೇರಿದವು. ಆಟದ ಹೆಸರು ವ್ಯಾಪಾರಮುದ್ರೆಯ ವಿಷಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ವಿಧಿ ಖಾಸಗಿ ಬಳಕೆಗೆ ನ್ಯಾಯೋಚಿತ ಅವಕಾಶ ಕೊಡುತ್ತದೆ, ಆದ್ದರಿಂದ ಮನೆಯಲ್ಲಿ ಒಂದು ಕಟ್ಟು ಮಾಡಿಕೊಂಡು ಆಡುವುದೂ ಅದನ್ನು ಹತ್ತು ಕಟ್ಟು ಮಾಡಿ ಮಾರುವುದೂ ಒಂದೇ ಅಲ್ಲ. ಮಾರುವ ಯೋಚನೆಯಿದ್ದರೆ ಮೂಲ ಸಂಸ್ಥೆಯ ಲಿಖಿತ ಅನುಮತಿ ಪಡೆಯಿರಿ, ಇಲ್ಲವೇ ಪಾತ್ರ, ಚಿತ್ರ, ಹೆಸರು ಎಲ್ಲವನ್ನೂ ನಿಮ್ಮದೇ ಆಗಿ ಕಟ್ಟಿ, ಕಡತವನ್ನು ಮುದ್ರಣಕ್ಕೆ ಕಳಿಸುವ ಮುಂಚೆ ವಕೀಲರೊಬ್ಬರಿಗೆ ತೋರಿಸಿ.